ಹಿರಿಯರು ಬಿದ್ದು ಸೊಂಟದ ಎಲುಬು ಮುರಿದಾಗ: ಮೊದಲ ಗಂಟೆಯಿಂದ ಮೂರನೇ ತಿಂಗಳವರೆಗೆ

ವಯಸ್ಸಾದವರ ಮನೆಗೆ ಹೇಳದೆ ಕೇಳದೆ ಬರುವ ಆಪರೇಷನ್‌ಗಳಲ್ಲಿ ಸೊಂಟದ ಎಲುಬಿನದು ಮುಖ್ಯವಾದದ್ದು. ಬಚ್ಚಲಲ್ಲಿ ಕಾಲು ಜಾರುತ್ತದೆ, ಹೊಸ್ತಿಲಿಗೆ ಎಡವುತ್ತಾರೆ, ರಾತ್ರಿ ಎದ್ದು ಲೈಟು ಹಾಕುವಷ್ಟರಲ್ಲಿ ತಲೆ ಸುತ್ತುತ್ತದೆ. ನಿಂತ ಎತ್ತರದಿಂದ ಬಿದ್ದದ್ದಷ್ಟೇ, ಆದರೆ ಎಪ್ಪತ್ತು ದಾಟಿದವರ ಎಲುಬಿಗೆ ಅಷ್ಟು ಸಾಕು. ಅಲ್ಲಿಂದ ಮುಂದೆ ಮನೆಯವರು ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ನಾಲ್ಕೈದು ದಿನ ಕಳೆಯುವುದು. ಎರಡನೆಯದು, ಆಪರೇಷನ್ ಆದಮೇಲೆ ‘ಪಾಪ, ಮಲಗಿರಲಿ’ ಎಂದು ಹಾಸಿಗೆಯಿಂದ ಏಳಿಸದಿರುವುದು. ಈ ವಯಸ್ಸಿನಲ್ಲಿ ಮುರಿದ ಎಲುಬಿಗಿಂತ ಹೆಚ್ಚು ಕೆಡುಕು ಮಾಡುವುದು ಹಾಸಿಗೆ. ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಬೆನ್ನಹುಣ್ಣು, ಮೂತ್ರದ ಸೋಂಕು ಎಲ್ಲವೂ ಮಲಗಿದಲ್ಲೇ ಶುರುವಾಗುತ್ತವೆ.

ಬಿದ್ದ ಗಳಿಗೆಯಲ್ಲಿ

ಮುರಿದಿದೆ ಎಂದು ತಿಳಿಯುವುದು ಸಾಮಾನ್ಯವಾಗಿ ಕಷ್ಟವಲ್ಲ. ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಮುಖವಾಗಿ ತಿರುಗಿಕೊಂಡಿರುತ್ತದೆ. ತೊಡೆಸಂದಿಯಲ್ಲಿ ನೋವು, ಕಾಲು ಎತ್ತಲು ಆಗುವುದಿಲ್ಲ. ಆದರೆ ಎಲುಬಿನ ತುದಿಗಳು ಒಂದರೊಳಗೊಂದು ಸಿಕ್ಕಿಕೊಂಡು ನಿಂತಿದ್ದರೆ ಕುಂಟುತ್ತಾ ನಡೆದಾಡುವವರೂ ಇದ್ದಾರೆ. ಕೆಲವರು ಮಂಡಿ ನೋವು ಎಂದಷ್ಟೇ ಹೇಳುತ್ತಾರೆ. ಬಿದ್ದ ಮೇಲೆ ತೊಡೆಸಂದಿ ಅಥವಾ ಮಂಡಿ ನೋವು ಮರುದಿನಕ್ಕೂ ಉಳಿದರೆ ಎಕ್ಸ್‌ರೇ ಆಗಲೇಬೇಕು. ಎಕ್ಸ್‌ರೇಯಲ್ಲಿ ಏನೂ ಕಾಣದೆ, ನೋವು ಮಾತ್ರ ಹಾಗೇ ಇದ್ದರೆ ಸಿಟಿ ಅಥವಾ ಎಂಆರ್‌ಐ ಬೇಕೇ ಎಂದು ಕೇಳಿ. ಸಣ್ಣ ಬಿರುಕು ಮೊದಲ ಎಕ್ಸ್‌ರೇಗೆ ತಪ್ಪಿಸಿಕೊಳ್ಳುವುದುಂಟು.

ಎಬ್ಬಿಸಿ ನಿಲ್ಲಿಸಿ ನೋಡಬೇಡಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಕಾಲು ಎಳೆದು ನೇರ ಮಾಡಬೇಡಿ. ಎರಡೂ ಕಾಲಿನ ನಡುವೆ ದಿಂಬು ಅಥವಾ ಮಡಿಸಿದ ಕಂಬಳಿ ಇಟ್ಟು, ಟವೆಲ್‌ನಿಂದ ಮಂಡಿಯ ಮೇಲೊಂದು ಕೆಳಗೊಂದು ಕಟ್ಟು ಹಾಕಿ, ಎರಡು ಕಾಲನ್ನೂ ಸೇರಿಸಿ ಸಡಿಲವಾಗಿ ಕಟ್ಟಿ. ನಾಲ್ಕು ಜನ ಸೇರಿ ಹಲಗೆ ಅಥವಾ ಗಟ್ಟಿ ಜಮಖಾನೆಯ ಮೇಲೆ ಒಟ್ಟಿಗೆ ಎತ್ತಬೇಕು. ಆಟೋದಲ್ಲಿ ಕೂರಿಸಿಕೊಂಡು ಹೋಗುವುದು ದೊಡ್ಡ ಹಿಂಸೆ, 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟು ಬಿದ್ದಿದೆಯೇ ನೋಡಿ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಾದರೆ ಅದನ್ನು ಮೊದಲೇ ಹೇಳಿ. ಬಿದ್ದ ಹೊತ್ತು, ಕೊನೆಯ ಬಾರಿ ಊಟ ಮಾಡಿದ ಹೊತ್ತು, ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ನಾಟಿ ಕಟ್ಟು. ಕೈ ಮುರಿದ ಹುಡುಗನಿಗೆ ಕಟ್ಟು ಹಾಕಿ ವಾಸಿಯಾದದ್ದನ್ನು ಎಲ್ಲರೂ ನೋಡಿರುತ್ತಾರೆ. ಸೊಂಟದ ಲೆಕ್ಕ ಬೇರೆ. ಸೊಂಟದ ಎಲುಬು ಮುರಿಯಿತು ಎಂದಾಗ ಮುರಿದಿರುವುದು ತೊಡೆಎಲುಬಿನ ಮೇಲ್ತುದಿ. ತೊಡೆಎಲುಬಿನ ಕುತ್ತಿಗೆ ಮುರಿದಾಗ ಅದರ ಮೇಲಿನ ಚೆಂಡಿನಂಥ ಗುಂಡು ಭಾಗಕ್ಕೆ ಹೋಗುವ ರಕ್ತನಾಳಗಳೂ ಹಲವು ಸಲ ಹರಿದುಹೋಗುತ್ತವೆ. ರಕ್ತ ಸಿಗದ ಎಲುಬು ಯಾವ ಕಟ್ಟಿಗೂ ಕೂಡಿಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಟ್ಟು ಎಂದರೆ ವಾರಗಟ್ಟಲೆ ಮಲಗಿಸುವುದು.

ಎಲ್ಲಿಗೆ, ಎಷ್ಟು ಬೇಗ

ಆದಷ್ಟು ಮೊದಲ 48 ಗಂಟೆಯೊಳಗೆ ಆಪರೇಷನ್ ಆಗಬೇಕು ಎನ್ನುವುದು ಜಗತ್ತಿನಾದ್ಯಂತ ಒಪ್ಪಿದ ಗುರಿ. ಹೃದಯವೋ ಸಕ್ಕರೆಯೋ ಹದ್ದುಬಸ್ತಿಗೆ ಬರಬೇಕೆಂದು ವೈದ್ಯರು ಒಂದು ದಿನ ತಡ ಮಾಡಿದರೆ ಅದಕ್ಕೆ ಅರ್ಥವಿದೆ. ‘ಬೆಂಗಳೂರಿನಿಂದ ತಮ್ಮ ಬರಲಿ, ಅಮಾವಾಸ್ಯೆ ಕಳೆಯಲಿ’ ಎಂದು ಮನೆಯವರು ಮಾಡುವ ತಡಕ್ಕೆ ಅರ್ಥವಿಲ್ಲ.

ನಮ್ಮ ಸೀಮೆಯ ಮಾತು ಹೇಳುವುದಾದರೆ, ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಹೆದ್ದಾರಿ ಬದಿಯ ಎಸ್.ಎಸ್. ವೈದ್ಯಕೀಯ ಸಂಸ್ಥೆ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಎರಡೂ ಊರಲ್ಲಿ ಖಾಸಗಿ ಎಲುಬಿನ ಆಸ್ಪತ್ರೆಗಳಿಗೂ ಕೊರತೆಯಿಲ್ಲ. ಮೊಳಕಾಲ್ಮೂರು ಕಡೆಯವರಿಗೆ ಬಳ್ಳಾರಿಯೂ ಒಂದು ದಾರಿ. ಆಯ್ಕೆ ಮಾಡುವಾಗ ‘ಯಾವ ಡಾಕ್ಟರು ಫೇಮಸ್ಸು’ ಎನ್ನುವುದಕ್ಕಿಂತ ಮೂರು ವಿಚಾರ ಕೇಳಿ: ನಾಳೆ ನಾಡಿದ್ದರೊಳಗೆ ಓಟಿ (ಆಪರೇಷನ್ ಕೋಣೆ) ಸಿಗುತ್ತದೆಯೇ, ಫಿಸಿಶಿಯನ್ ಮತ್ತು ಅರಿವಳಿಕೆ ವೈದ್ಯರು ಅಲ್ಲೇ ಇರುತ್ತಾರೆಯೇ, ಬೇಕಾದರೆ ಐಸಿಯು ಮತ್ತು ರಕ್ತನಿಧಿ ಕೈಗೆಟುಕುವಂತಿವೆಯೇ. ಹೃದಯ ದುರ್ಬಲವಿರುವ, ಡಯಾಲಿಸಿಸ್‌ನಲ್ಲಿರುವ ಹಿರಿಯರನ್ನು ಇವು ಮೂರೂ ಇಲ್ಲದ ನರ್ಸಿಂಗ್ ಹೋಮಿಗೆ ಸೇರಿಸಿ ಮಧ್ಯರಾತ್ರಿ ಬೇರೆಡೆ ಸಾಗಿಸುವುದು ಬೇಡ.

ದುಡ್ಡಿನ ವಿಚಾರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅವರ ರೆಫರಲ್ ಚೀಟಿ, ಆಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ನೇರ ಹೋಗಬಹುದು. ನಿಮ್ಮವರದು ಯಾವ ಪಟ್ಟಿಗೆ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಸೇರಿಸಿದ ದಿನವೇ ಕಾಣಿ, ರೇಷನ್ ಕಾರ್ಡ್ ಮತ್ತು ಆಧಾರ್ ಕೈಯಲ್ಲಿರಲಿ. ಇಲ್ಲಿ ಹೆಚ್ಚಿನವರು ತಪ್ಪುವುದು ಕ್ರಮದಲ್ಲಿ: ಮೊದಲು ಕೈಯಿಂದ ಕಟ್ಟಿ, ಡಿಸ್ಚಾರ್ಜ್ ದಿನ ಕಾರ್ಡು ತೋರಿಸುತ್ತಾರೆ. ಇದು ನಗದುರಹಿತ ಯೋಜನೆ, ಆಪರೇಷನ್‌ಗೆ ಮುಂಚೆ ಅನುಮತಿ ಪಡೆಯುವಂಥದ್ದು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ಆದರೆ ಮೊದಲೇ ನೋಂದಾಯಿಸಿದ್ದರೆ ಮಾತ್ರ. ಸ್ವಂತ ಖರ್ಚಾದರೆ ಇಂಪ್ಲಾಂಟ್ (ಒಳಗೆ ಕೂರಿಸುವ ಲೋಹದ ಭಾಗ) ಬೆಲೆ ಪ್ಯಾಕೇಜಿನೊಳಗಿದೆಯೋ ಹೊರಗಿದೆಯೋ ಎಂದು ಬರವಣಿಗೆಯಲ್ಲಿ ಕೇಳಿ. ಬಿಲ್ಲು ಉಬ್ಬುವುದು ಅಲ್ಲೇ.

ವೈದ್ಯರಿಗೆ ಹೇಳಲೇಬೇಕಾದದ್ದು

ಮನೆಯಲ್ಲಿರುವ ಮಾತ್ರೆಗಳೆಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿ ತನ್ನಿ. ‘ಬಿಪಿಗೆ ಒಂದು ಬಿಳಿ ಮಾತ್ರೆ’ ಎಂದರೆ ಯಾರಿಗೂ ಉಪಯೋಗವಿಲ್ಲ. ಕೆಲವು ಮಾತ್ರೆಗಳ ಬಗ್ಗೆ ವಿಶೇಷ ಎಚ್ಚರ ಬೇಕು.

ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್, ಎಪಿಕ್ಸಬಾನ್, ಡಬಿಗಾಟ್ರಾನ್, ಇವು ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಗಳು. ಕೊನೆಯ ಮಾತ್ರೆ ಯಾವ ದಿನ, ಎಷ್ಟು ಹೊತ್ತಿಗೆ ನುಂಗಿದರು ಎನ್ನುವುದರ ಮೇಲೆ ಅರಿವಳಿಕೆಗೆ ಬೆನ್ನಿಗೆ ಸೂಜಿ (ಸ್ಪೈನಲ್) ಹಾಕಬಹುದೇ ಎನ್ನುವುದು ನಿರ್ಧಾರವಾಗುತ್ತದೆ. ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವು ನಿಲ್ಲಿಸಬೇಡಿ.

ಸಕ್ಕರೆಗೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಹೆಸರು ಹಿಡಿದು ಹೇಳಿ. ಮೊದಲೇ ಗೊತ್ತಿರುವ ಆಪರೇಷನ್‌ಗೆ ಇವನ್ನು ಮೂರು ದಿನ ಮುಂಚೆ ನಿಲ್ಲಿಸುತ್ತಾರೆ, ಬಿದ್ದು ಬಂದವರಿಗೆ ಆ ಅವಕಾಶವಿಲ್ಲ. ಉಪವಾಸ ಸೇರಿಕೊಂಡಾಗ ಈ ಮಾತ್ರೆಯಿಂದ ರಕ್ತ ಆಮ್ಲೀಯವಾಗಬಹುದು, ಅದೂ ಗ್ಲುಕೋಮೀಟರಿನಲ್ಲಿ ಸಕ್ಕರೆ ಸುಮಾರಾಗಿಯೇ ಕಾಣುತ್ತಿರುವಾಗ. ಗೊತ್ತಿದ್ದರೆ ವೈದ್ಯರು ಕೀಟೋನ್ ಪರೀಕ್ಷೆ ಮಾಡಿಸುತ್ತಾರೆ. ವರ್ಷಗಟ್ಟಲೆ ಸ್ಟಿರಾಯ್ಡ್ ತಿಂದವರಿಗೆ ಅದನ್ನು ಥಟ್ಟನೆ ನಿಲ್ಲಿಸಿದರೆ ಬಿಪಿ ಕುಸಿಯುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಮಾತ್ರೆ, ಹೆಸರಿಲ್ಲದ ಪುಡಿ, ಕಷಾಯ, ಇವೂ ಲೆಕ್ಕಕ್ಕೆ ಬರುತ್ತವೆ. ಕಿಡ್ನಿಗೆ ಏಟು ಬಿದ್ದಿರುವುದು ಹಲವು ಸಲ ಇವುಗಳಿಂದಲೇ.

ಮನೆಯವರು ಮುಚ್ಚಿಡುವುದು ಕುಡಿತವನ್ನು. ದಿನಾ ಕುಡಿಯುವ ಅಜ್ಜ ಆಸ್ಪತ್ರೆ ಸೇರಿದ ಎರಡು ಮೂರು ದಿನಕ್ಕೆ ಕೈ ನಡುಗಿ, ಬೆವತು, ಇಲ್ಲದ್ದನ್ನು ಕಾಣಲು ಶುರುಮಾಡುತ್ತಾರೆ. ಮುಂಚೆ ತಿಳಿದಿದ್ದರೆ ತಡೆಯಬಹುದು, ತಿಳಿಯದಿದ್ದರೆ ಜೀವಕ್ಕೇ ಬರಬಹುದು. ನೆಂಟರ ಮುಂದೆ ಹೇಳಲು ಸಂಕೋಚವಾದರೆ ವೈದ್ಯರನ್ನು ಪಕ್ಕಕ್ಕೆ ಕರೆದು ಹೇಳಿ. ಬೀಡಿ, ಎಲೆಅಡಿಕೆ ಜೊತೆಯ ಹೊಗೆಸೊಪ್ಪು ಇದ್ದರೂ ತಿಳಿಸಿ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಮಾತು. ಜಗಳೂರು ತಾಲ್ಲೂಕು ಮತ್ತು ಚಿತ್ರದುರ್ಗ ಜಿಲ್ಲೆಯ ಒಣಭಾಗದಲ್ಲಿ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರನ್ನು ದಶಕಗಟ್ಟಲೆ ಕುಡಿದ ಹಿರಿಯರಿದ್ದಾರೆ. ಬೆನ್ನು ಬಿಗಿದುಕೊಂಡಿದೆ, ಬಾಗಲು ಆಗುವುದಿಲ್ಲ, ಹಲ್ಲಿನ ಮೇಲೆ ಕಂದು ಕಲೆ ಇದೆ ಎಂದಾದರೆ ಅರಿವಳಿಕೆ ವೈದ್ಯರಿಗೂ ಎಲುಬಿನ ವೈದ್ಯರಿಗೂ ಹೇಳಿ. ಫ್ಲೋರೋಸಿಸ್ ಆದ ಎಲುಬು ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಪೆಡಸು, ಡ್ರಿಲ್ ಮಾಡುವಾಗ ಸೀಳಬಹುದು. ಬೆನ್ನುಹುರಿಯ ಸುತ್ತಲ ಪಟ್ಟಿಗಳು ಗಟ್ಟಿಯಾಗಿದ್ದರೆ ಸ್ಪೈನಲ್ ಸೂಜಿ ಒಳಗೆ ಹೋಗುವುದು ಕಷ್ಟ. ಮುಂಚೆ ತಿಳಿದರೆ ಬೇರೆ ದಾರಿ ಸಿದ್ಧವಿಟ್ಟುಕೊಳ್ಳುತ್ತಾರೆ.

ಯಾವ ಆಪರೇಷನ್, ಏಕೆ

ಎಲುಬು ಎಲ್ಲಿ ಮುರಿದಿದೆ ಎನ್ನುವುದರ ಮೇಲೆ ಇದು ನಿಂತಿದೆ. ಕುತ್ತಿಗೆಯಲ್ಲಿ ಮುರಿದು ಜರುಗಿದ್ದರೆ ವಯಸ್ಸಾದವರಿಗೆ ಗುಂಡನ್ನೇ ತೆಗೆದು ಲೋಹದ ಗುಂಡು ಕೂರಿಸುತ್ತಾರೆ, ‘ಬಾಲ್ ಹಾಕುವುದು’ ಎಂದು ಜನ ಹೇಳುವುದು ಇದನ್ನೇ. ಬೀಳುವ ಮುಂಚೆ ಚೆನ್ನಾಗಿ ಓಡಾಡಿಕೊಂಡಿದ್ದ ಕೆಲವರಿಗೆ ಆ ಗುಂಡು ಕೂರುವ ಬಟ್ಟಲನ್ನೂ ಸೇರಿಸಿ ಪೂರ್ತಿ ಕೀಲು ಬದಲಿಸುವುದುಂಟು. ಅದಕ್ಕಿಂತ ಕೆಳಗೆ, ತೊಡೆಎಲುಬಿನ ಗಡ್ಡೆಯಂಥ ಭಾಗದಲ್ಲಿ ಮುರಿದರೆ ಅಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಎಲುಬು ಕೂಡುತ್ತದೆ. ಒಳಗೆ ರಾಡು ಅಥವಾ ಬದಿಗೆ ಪ್ಲೇಟು–ಸ್ಕ್ರೂ ಹಾಕುತ್ತಾರೆ. ಪಕ್ಕದ ಬೆಡ್ಡಿನವರಿಗೆ ರಾಡು, ನಮಗೇಕೆ ಬಾಲು ಎಂದು ತಕರಾರು ಮಾಡುವ ಮುಂಚೆ ಎಕ್ಸ್‌ರೇ ತೋರಿಸಿ ಎಂದು ಕೇಳಿ.

ಸ್ಪೈನಲ್ ಒಳ್ಳೆಯದೋ ಪೂರ್ತಿ ಅರಿವಳಿಕೆ ಒಳ್ಳೆಯದೋ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ, ಅದನ್ನು ಅರಿವಳಿಕೆ ವೈದ್ಯರಿಗೆ ಬಿಡಿ. ನೀವು ಕೇಳಬೇಕಾದದ್ದು ಆಪರೇಷನ್‌ವರೆಗಿನ ನೋವಿನ ಬಗ್ಗೆ. ತೊಡೆಸಂದಿಯ ಹತ್ತಿರ ನರಕ್ಕೆ ಕೊಡುವ ‘ಬ್ಲಾಕ್’ ಇಂಜೆಕ್ಷನ್ ಹಲವು ಗಂಟೆ ಆರಾಮ ಕೊಡುತ್ತದೆ, ಮಂಪರು ಬರಿಸುವ ನೋವಿನ ಔಷಧ ಕಡಿಮೆ ಸಾಕಾಗುತ್ತದೆ. ಸಾಮಾನ್ಯವಾಗಿ ಗಟ್ಟಿ ಆಹಾರ 6 ಗಂಟೆ ಮುಂಚೆ, ಬರೀ ನೀರು 2 ಗಂಟೆ ಮುಂಚೆ ನಿಲ್ಲಿಸುತ್ತಾರೆ. ‘ರಾತ್ರಿಯಿಂದ ಒಂದು ಹನಿ ನೀರೂ ಬೇಡ’ ಎಂದು ಯಾರೋ ಹೇಳಿದ್ದನ್ನು ನಂಬಿ ಮಧ್ಯಾಹ್ನದವರೆಗೆ ಒಣಗಿಸಬೇಡಿ, ಸಮಯ ಮುಂದೆ ಹೋದರೆ ನೀರು ಕೊಡಬಹುದೇ ಎಂದು ಪ್ರತಿ ಸಲ ಕೇಳಿ. ಹಲ್ಲಿನ ಸೆಟ್, ಮೂಗುತಿ, ಬಳೆ, ತಾಳಿ, ಉಡಿದಾರ ತೆಗೆದು ಒಬ್ಬರೇ ಇಟ್ಟುಕೊಳ್ಳಿ. ಕನ್ನಡಕ, ಕಿವಿಯ ಮಷೀನು ಮಾತ್ರ ಆಪರೇಷನ್ ಮುಗಿದ ಕೂಡಲೇ ಸಿಗುವಂತಿರಲಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಎಡವೋ ಬಲವೋ ಎಂದು ಓದಿ ನೋಡಿ.

ಒಂದು ವಿಚಾರ ಹಿರಿಯರನ್ನೇ ಕೇಳಬೇಕು, ಅವರು ಹೇಳುವ ಸ್ಥಿತಿಯಲ್ಲಿದ್ದರೆ: ಪರಿಸ್ಥಿತಿ ಕೆಟ್ಟರೆ ವೆಂಟಿಲೇಟರ್ ಬೇಕೇ? ಮಕ್ಕಳು ಐಸಿಯು ಬಾಗಿಲಲ್ಲಿ ಜಗಳವಾಡುವುದು ಇದನ್ನು ಕೇಳದೆ ಬಿಟ್ಟಾಗ. ಬೇರೆ ಕಾಯಿಲೆಯಿಂದ ಕೊನೆಯ ದಿನಗಳಲ್ಲಿರುವವರಿಗೆ ಆಪರೇಷನ್ ಬಿಟ್ಟು ನೋವಷ್ಟೇ ತಗ್ಗಿಸುವುದೂ ಸರಿಯಾದ ಚಿಕಿತ್ಸೆಯೇ.

ಆಪರೇಷನ್ ಆದ ರಾತ್ರಿ

ಮೊದಲ ಮೂರು ರಾತ್ರಿಯಲ್ಲಿ ಮನೆಯವರನ್ನು ಹೆದರಿಸುವುದು ಗಾಯವಲ್ಲ, ಗೊಂದಲ. ನಿನ್ನೆವರೆಗೆ ಸರಿಯಿದ್ದ ಅಜ್ಜಿ ಮಗಳನ್ನು ಗುರುತಿಸುವುದಿಲ್ಲ, ಸತ್ತ ಗಂಡನನ್ನು ಕರೆಯುತ್ತಾಳೆ, ಡ್ರಿಪ್ ಕಿತ್ತುಹಾಕುತ್ತಾಳೆ. ಇದು ಅರಳುಮರಳೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಡೆಲಿರಿಯಂ ಎಂದು ಕರೆಯುತ್ತಾರೆ, ಬಹುಪಾಲು ಇಳಿಯುತ್ತದೆ. ಆದರೆ ಇದಕ್ಕೆ ಕಾರಣ ಇರುತ್ತದೆ, ಹುಡುಕಬೇಕು: ಆಮ್ಲಜನಕ ಕಡಿಮೆಯೇ, ಸೋಡಿಯಂ ಇಳಿದಿದೆಯೇ, ಸೋಂಕು ಇದೆಯೇ, ಮೂತ್ರ ಕಟ್ಟಿದೆಯೇ, ನಾಲ್ಕು ದಿನದಿಂದ ಮಲವಿಸರ್ಜನೆ ಆಗಿಲ್ಲವೇ, ನೋವು ಹೆಚ್ಚಿದೆಯೇ, ಹೊಸ ನಿದ್ದೆ ಮಾತ್ರೆ ಕೊಟ್ಟಿದ್ದಾರೆಯೇ. ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನೆ ಮಂಪರಾಗಿ ಮಲಗಿ, ಊಟ ಬೇಡವೆಂದು ಗೋಡೆ ನೋಡುವವರದೂ ಅದೇ ಸಮಸ್ಯೆ. ‘ಆರಾಮಾಗಿ ನಿದ್ದೆ ಮಾಡ್ತಿದಾರೆ’ ಎಂದು ಬಿಟ್ಟುಬಿಡುತ್ತಾರೆ, ಅಪಾಯ ಅಲ್ಲಿ ಹೆಚ್ಚು.

ಕೈಕಾಲು ಕಟ್ಟಿಹಾಕಬೇಡಿ. ಕನ್ನಡಕ ಹಾಕಿ, ಕಿವಿಯ ಮಷೀನು ಇಡಿ, ಹಗಲು ಕಿಟಕಿಯ ಬೆಳಕು ಬೀಳಲಿ, ರಾತ್ರಿ ಲೈಟು ಕಡಿಮೆ ಮಾಡಿ. ಅವರಿಗೆ ಹೆಚ್ಚು ಬಳಕೆಯ ಒಬ್ಬರು ರಾತ್ರಿ ಜೊತೆಗಿರಲಿ. ‘ಅವ್ವಾ, ಇದು ದಾವಣಗೆರೆ ಆಸ್ಪತ್ರೆ, ಇವತ್ತು ಗುರುವಾರ, ಕಾಲಿನ ಆಪರೇಷನ್ ಆಗಿದೆ’ ಎಂದು ಎದ್ದಾಗಲೆಲ್ಲ ಶಾಂತವಾಗಿ ಹೇಳಿ. ವಾದ ಮಾಡಬೇಡಿ. ಇಡೀ ಊರು ಬಂದು ಬೆಡ್ಡು ಸುತ್ತುವರಿದು ಎಳನೀರು ಇಟ್ಟು ಹೋಗುವುದನ್ನು ಯಾರಾದರೂ ಗಟ್ಟಿ ಮನಸ್ಸಿನವರು ತಡೆಯಬೇಕು.

ಏಳಿಸುವುದು

ವೈದ್ಯರು ಬೇಡ ಎಂದಿಲ್ಲವಾದರೆ ಮರುದಿನವೇ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸುವುದು ಕ್ರಮ. ಕೇಳಬೇಕಾದ ಪ್ರಶ್ನೆ ಒಂದೇ: ‘ಈ ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದು: ಪೂರ್ತಿಯೋ, ಅರ್ಧವೋ, ಬರೀ ಬೆರಳು ತಾಗಿಸುವಷ್ಟೋ?’ ಉತ್ತರವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ವಾಕರ್ ಹಿಡಿಯ ಎತ್ತರ ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು, ಹಿಡಿದಾಗ ಮೊಣಕೈ ಸ್ವಲ್ಪವೇ ಬಾಗಿರಬೇಕು. ಹೆಚ್ಚು ಗಿಡ್ಡವಾದರೆ ಮುಂದಕ್ಕೆ ಬಾಗಿ ಮುಗ್ಗರಿಸುತ್ತಾರೆ. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಎಳೆದು ನಿಲ್ಲಿಸಬೇಡಿ, ಕುರ್ಚಿಯ ಅಂಚಿಗೆ ಸರಿದು, ಕೈಯೂರಿ, ಅವರೇ ಏಳಲಿ.

ಮಲಗಿರುವಾಗ ಎಚ್ಚರವಿದ್ದಷ್ಟು ಹೊತ್ತು ಗಂಟೆಗೊಮ್ಮೆ ಹತ್ತು ಸಲ ಆಳವಾಗಿ ಉಸಿರೆಳೆಯಬೇಕು. ಉಸಿರಿನ ವ್ಯಾಯಾಮಕ್ಕೆಂದು ಕೊಡುವ ಮೂರು ಚೆಂಡಿನ ಉಪಕರಣ ಊದಲು ಕೊಡುವುದಲ್ಲ, ಎಳೆಯಲು ಕೊಡುವುದು. ಅರ್ಧ ವಾರ್ಡಿನಲ್ಲಿ ಊದುತ್ತಲೇ ಇರುತ್ತಾರೆ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಿಮ್ಮಡಿ ಹಾಸಿಗೆಗೆ ಒತ್ತದಂತೆ ಕಣಕಾಲಿನ ಕೆಳಗೆ ಮೆತ್ತೆ ಇಡಿ. ಹುಣ್ಣು ಮೊದಲು ಏಳುವ ಜಾಗ ಬೆನ್ನಿನ ತುದಿ ಮತ್ತು ಹಿಮ್ಮಡಿ. ಮೂತ್ರದ ಪೈಪನ್ನು ಒಂದೆರಡು ದಿನದಲ್ಲಿ ತೆಗೆಸುವಂತೆ ಕೇಳಿ. ಇದ್ದರೆ ಅನುಕೂಲ ಎನಿಸುತ್ತದೆ, ಆದರೆ ಸೋಂಕಿಗೆ ಅದೇ ದಾರಿ. ಹೆಪ್ಪು ತಡೆಯುವ ಇಂಜೆಕ್ಷನ್ ಅಥವಾ ಮಾತ್ರೆಯನ್ನು ಹಲವು ಸಲ ನಾಲ್ಕೈದು ವಾರ ಬರೆಯುತ್ತಾರೆ, ಮನೆಗೆ ಬಂದ ಮೇಲೆ ಮುಂದುವರಿಸಬೇಕೇ ಎಂದು ಕೇಳದೆ ಬಿಡಬೇಡಿ.

ಬಾಲ್ ಹಾಕಿದ್ದರೆ ಕೀಲು ಜಾರದಂತೆ ಸುಮಾರು ಮೂರು ತಿಂಗಳು ಕೆಲವು ನಿರ್ಬಂಧ ಹೇಳುತ್ತಾರೆ: ಚಕ್ಕಳಮಕ್ಕಳ ಹಾಕಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕೂತು ನೆಲದ ಮೇಲಿನ ವಸ್ತು ಎತ್ತಲು ಬಗ್ಗಬಾರದು, ಮಲಗುವಾಗ ಕಾಲಿನ ನಡುವೆ ದಿಂಬು. ಕೂರುವ ಕುರ್ಚಿ 18–20 ಇಂಚು ಎತ್ತರ, ಕೈಯಿರುವಂಥದ್ದು. ನೆಲದ ಮೇಲಿನ ಪಾಯಿಖಾನೆ ಇರುವ ಮನೆಗೆ ಅದರ ಮೇಲಿಡುವ ಕಮೋಡ್ ಕುರ್ಚಿಯನ್ನು ಡಿಸ್ಚಾರ್ಜ್‌ಗೆ ಮುಂಚೆಯೇ ತರಿಸಿಡಿ. ಇದೊಂದು ಇಲ್ಲದೆ ಹೋದರೆ ಪಾಯಿಖಾನೆಗೆ ಹೋಗುವ ಭಯಕ್ಕೆ ನೀರು ಕುಡಿಯುವುದನ್ನೇ ಬಿಡುತ್ತಾರೆ.

ಊಟ, ಪಥ್ಯ

‘ಕೀವು ಆಗುತ್ತೆ’ ಎಂದು ಮೊಟ್ಟೆ, ಮೊಸರು, ಬೇಳೆ ನಿಲ್ಲಿಸಿ ಗಂಜಿ ಕುಡಿಸುವ ಪಥ್ಯ ಗಾಯವನ್ನೂ ಸ್ನಾಯುವನ್ನೂ ಹಸಿವಿನಲ್ಲಿಡುತ್ತದೆ. ಹುಣ್ಣು ಮಾಯಲು ಪ್ರೋಟೀನ್ ಬೇಕು, ದೇಹತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. ಐವತ್ತು ಕಿಲೋದವರಿಗೆ ಅರವತ್ತು ಗ್ರಾಂ ಆದರೂ. ಎರಡು ಮೊಟ್ಟೆ 12, ಅರ್ಧ ಲೀಟರ್ ಹಾಲು–ಮೊಸರು ಸೇರಿ 16, ಎರಡು ಬಟ್ಟಲು ಗಟ್ಟಿ ಬೇಳೆ ಅಥವಾ ಮೊಳಕೆಕಾಳು 14ರ ಆಸುಪಾಸು, ಒಂದು ಹಿಡಿ ಶೇಂಗಾ 7, ಮುದ್ದೆ–ರೊಟ್ಟಿಯಿಂದ ಉಳಿದದ್ದು. ಹಲ್ಲಿಲ್ಲದವರಿಗೆ ಶೇಂಗಾ ಪುಡಿ ಮಾಡಿ ಮೊಸರಲ್ಲಿ ಕಲಸಿ. ಬರೀ ಮಂಡಕ್ಕಿ, ಬನ್ನು, ಟೀಯಲ್ಲಿ ಹೊಟ್ಟೆ ತುಂಬುತ್ತದಷ್ಟೆ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರ ಅಳತೆಗೇ ನಿಲ್ಲಬೇಕು. ನೋವಿನ ಮಾತ್ರೆ ಮಲ ಕಟ್ಟಿಸುತ್ತದೆ, ಮೊದಲ ದಿನದಿಂದಲೇ ಅದಕ್ಕೂ ಔಷಧ ಕೇಳಿ.

ಮನೆಗೆ ಬಂದ ಮೇಲೆ

ಹೊಲಿಗೆ ಅಥವಾ ಪಿನ್ನು ಸಾಮಾನ್ಯವಾಗಿ 12–14 ದಿನಕ್ಕೆ ತೆಗೆಯುತ್ತಾರೆ. ಅಲ್ಲಿವರೆಗೆ ಗಾಯ ಒಣಗಿರಲಿ, ಅರಿಶಿನ, ಎಣ್ಣೆ, ಸೊಪ್ಪಿನ ರಸ ಏನೂ ಬೇಡ. ಈ ಲಕ್ಷಣಗಳಿದ್ದರೆ ಮುಂದಿನ ತಾರೀಕಿಗೆ ಕಾಯದೆ ಹೊರಡಿ:

- ಥಟ್ಟನೆ ಉಸಿರುಕಟ್ಟುವುದು, ಎದೆನೋವು (ಇದಕ್ಕೆ ನೇರ 108)
- ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುವುದು
- ಗಾಯದಿಂದ ಸೋರುವುದು, ಕೆಂಪಾಗಿ ಹರಡುವುದು, ಜ್ವರ
- ನಡೆಯುತ್ತಿದ್ದವರು ಥಟ್ಟನೆ ನಡೆಯಲಾಗದಿರುವುದು, ಕಾಲು ಮತ್ತೆ ಗಿಡ್ಡವಾಗುವುದು

ಮನೆಯಲ್ಲಿ ಬದಲಿಸಬೇಕಾದದ್ದು ಹೆಚ್ಚೇನಿಲ್ಲ. ಬಚ್ಚಲ ಕಡಪಾ ಕಲ್ಲಿನ ಮೇಲೆ ರಬ್ಬರ್ ಮ್ಯಾಟು, ಗೋಡೆಗೆ ತಿರುಪು ಹಾಕಿದ ಕಬ್ಬಿಣದ ಹಿಡಿ (ಟವೆಲ್ ಕಂಬಿ ಭಾರ ತಡೆಯುವುದಿಲ್ಲ), ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ದೀಪ, ಬಾಗಿಲ ಬಳಿಯ ಹಳೆ ಸೀರೆಯ ಕಾಲೊರೆಸು ಹೊರಗೆ. ಹೊಸ್ತಿಲಿಗೆ ಬಳಿಯುವ ಅರಿಶಿನ ಈಗ ಇನ್ನೊಂದಕ್ಕೂ ಉಪಯೋಗ: ಮಬ್ಬು ಕಣ್ಣಿಗೆ ಅಂಚು ಕಾಣುತ್ತದೆ.

ಡಿಸ್ಚಾರ್ಜ್ ಸಾರಾಂಶ, ಇಂಪ್ಲಾಂಟ್ ಸ್ಟಿಕ್ಕರ್, ಎಕ್ಸ್‌ರೇ ಮೂರನ್ನೂ ಒಂದೇ ಫೈಲಿನಲ್ಲಿಡಿ. ಮುಂದೆ ಎಂಆರ್‌ಐ ಮಾಡಿಸುವಾಗ, ಮತ್ತೊಂದು ಆಪರೇಷನ್ ಬಂದಾಗ ಒಳಗೆ ಹಾಕಿದ ಲೋಹ ಯಾವುದೆಂದು ಕೇಳುತ್ತಾರೆ.

ಕೊನೆಯದಾಗಿ, ಬಹುತೇಕ ಎಲ್ಲರೂ ಬಿಟ್ಟುಬಿಡುವ ಕೆಲಸ: ಬಿದ್ದದ್ದು ಏಕೆ, ಎಲುಬು ಮುರಿದದ್ದು ಏಕೆ ಎಂದು ವಿಚಾರಿಸುವುದು. ಹೊಲಿಗೆ ಬಿಚ್ಚಿಸಲು ಹೋದಾಗಲೇ ಕೇಳಿ. ಮಲಗಿದಾಗಿನ ಬಿಪಿ, ಎದ್ದು ನಿಂತ ಒಂದು ಮತ್ತು ಮೂರು ನಿಮಿಷದ ಬಿಪಿ ನೋಡಿಸಿ; ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರೆಗಳನ್ನು ಮರುಪರಿಶೀಲಿಸಬೇಕು. ಕಣ್ಣಿನ ಪೊರೆ, ನಿದ್ದೆ ಮಾತ್ರೆ, ಸಕ್ಕರೆ ಇಳಿಯುವುದು, ಹೃದಯ ಬಡಿತದ ಏರುಪೇರು ಇವನ್ನೂ ನೋಡಿಸಿ. ಎಲುಬಿಗೆ ವಿಟಮಿನ್ ಡಿ, ಕ್ಯಾಲ್ಸಿಯಂ ಮಾತ್ರೆ ಸಾಲದು, ಸವೆತ ತಡೆಯುವ ಔಷಧ ಬೇಕೇ ಎಂದು ಕೇಳಿ. ಜೋಲೆಡ್ರೋನಿಕ್ ಆಸಿಡ್ ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವಂಥದ್ದು, ಮುರಿತವಾಗಿ ಕನಿಷ್ಠ ಎರಡು ವಾರದ ನಂತರ, ಕಿಡ್ನಿ ಮತ್ತು ವಿಟಮಿನ್ ಡಿ ಸರಿಯಿದ್ದರೆ ಮಾತ್ರ. ಹಾಕಿಸಿದ ಮರುದಿನ ಮೈಕೈ ನೋವು, ಜ್ವರ ಬರಬಹುದು. ಹಲ್ಲು ಕೀಳಿಸುವುದಿದ್ದರೆ ಅದಕ್ಕೆ ಮುಂಚೆ ಮುಗಿಸಿಕೊಳ್ಳಿ. ವಾರಕ್ಕೊಮ್ಮೆಯ ಅಲೆಂಡ್ರೋನೇಟ್ 70 ಮಿ.ಗ್ರಾಂ ಮಾತ್ರೆಯಾದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ, ಟೀಯನ್ನೂ ಕುಡಿಯದೆ ನೆಟ್ಟಗೆ ಕೂರಬೇಕು. ಟೀ ಜೊತೆ ನುಂಗಿದರೆ ಔಷಧ ಮೈಗೆ ಹತ್ತುವುದಿಲ್ಲ, ನುಂಗಿ ಮಲಗಿದರೆ ಅನ್ನನಾಳ ಸುಡುತ್ತದೆ. ಫ್ಲೋರೈಡ್ ಸೀಮೆಯವರಿಗೆ ಎಲುಬಿನ ಸಾಂದ್ರತೆಯ ಸ್ಕ್ಯಾನ್ ‘ಗಟ್ಟಿಯಿದೆ’ ಎಂದು ತೋರಿಸಿದರೂ ಅದನ್ನೊಂದೇ ನಂಬಿ ಬಿಡಬಾರದು. ಆರ್‌ಓ ಘಟಕದ ನೀರು ಕುಡಿಯುವುದಕ್ಕಷ್ಟೇ ಅಲ್ಲ, ಅಡುಗೆಗೂ ಅದನ್ನೇ ಬಳಸಿ.